ರಕ್ತ ಉತ್ತರ ಕೊಟ್ಟಾಗಿದೆ, ಇನ್ನು ಕೇಳುತ್ತಿರುವುದು ಯಾರನ್ನು?

 



ಇವತ್ತಿನ ಚಿಂತನೆ ನಾವು ಸಾಮಾನ್ಯವಾಗಿ ಬಾಯಿಬಿಟ್ಟು ಮಾತನಾಡದ ವಿಷಯದ ಮೇಲೆ. ಮಾತನಾಡದೇ ಇರುವುದರಿಂದಲೇ ಎಷ್ಟೋ ಜನ ಒಳಗೊಳಗೇ ನರಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ತಿಂಗಳು ಫೋನ್ ಮಾಡಿದ. ಒಂದು ವರ್ಷದ ಹಿಂದೆ ಒಮ್ಮೆ ಕಾಂಡೋಮ್ ಇಲ್ಲದೆ ಸಂಬಂಧ ಆಗಿತ್ತು. ಆಮೇಲೆ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಐದು ಸಲ ಮಾಡಿಸಿದ್ದಾನೆ. ಐದೂ ಸಲ ನೆಗೆಟಿವ್. ಈಗ ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. "ಸಾರ್, ಲ್ಯಾಬಿನವರು ತಪ್ಪು ಮಾಡಿದ್ದರೆ? ಆರನೇ ಸಲ ಮಾಡಿಸಲಾ?" ಎಂದ. ಹೆಸರು, ಊರು ಹೇಳದೆ ಇದನ್ನು ಬರೆಯಲು ಅವನೇ ಒಪ್ಪಿದ್ದಾನೆ.

ಮೊದಲು ವೈದ್ಯಕೀಯದ ಮಾತು. ಸೋಂಕು ತಗುಲಿದ ದಿನವೇ ಪರೀಕ್ಷೆಯಲ್ಲಿ ಕಾಣುವುದಿಲ್ಲ. ನಡುವಿನ ಈ ಅವಧಿಗೆ ವಿಂಡೋ ಪೀರಿಯಡ್ ಅನ್ನುತ್ತಾರೆ. ತೋಳಿನಿಂದ ರಕ್ತ ತೆಗೆದು ಲ್ಯಾಬಿನಲ್ಲಿ ಮಾಡುವ ನಾಲ್ಕನೇ ತಲೆಮಾರಿನ ಎಚ್‌ಐವಿ ಪರೀಕ್ಷೆಗೆ 45 ದಿನ, ಬೆರಳು ಚುಚ್ಚಿ ಮಾಡುವ ಪರೀಕ್ಷೆಗೆ 90 ದಿನ ಕಾಯಬೇಕು. ಸಿಫಿಲಿಸ್‌ಗೂ 90 ದಿನದ ಲೆಕ್ಕವೇ ಸುರಕ್ಷಿತ. ಅಷ್ಟು ದಿನ ಕಳೆದಿದ್ದು, ನಡುವೆ ಮತ್ತೆ ಅಂಥ ಸಂದರ್ಭ ಬಂದಿರದಿದ್ದರೆ, ನೆಗೆಟಿವ್ ಎಂದರೆ ನೆಗೆಟಿವ್. ನಿದ್ದೆ ಬಾರದಿರುವುದು, ಬೆವರು, ಹೊಟ್ಟೆ ಕೆಡುವುದು, ಸುಸ್ತು ಇವೆಲ್ಲ ಬರೀ ಆತಂಕದಿಂದಲೂ ಬರುತ್ತವೆ.

ನಾವು ಕಾಲಾಮ ಸುತ್ತ ಓದಿದವರು, ಪ್ರಶ್ನಿಸಲು ಕಲಿತವರು. ಹಾಗಾದರೆ ಆ ಹುಡುಗನ ಸಂಶಯ ತಪ್ಪೇ? ಇಲ್ಲಿ ಒಂದು ವ್ಯತ್ಯಾಸವಿದೆ. ವಿಚಾರಿಸುವ ಸಂಶಯ ಉತ್ತರ ಸಿಕ್ಕಾಗ ನಿಲ್ಲುತ್ತದೆ. ವಿಚಿಕಿಚ್ಛೆ ಎಂಬ ಸಂಶಯ ಉತ್ತರ ಸಿಕ್ಕ ಮೇಲೂ ನಿಲ್ಲುವುದಿಲ್ಲ. ಪ್ರತಿ ಸಲ ರಿಪೋರ್ಟ್ ನೋಡಿದಾಗ ಎರಡು ದಿನ ಸಮಾಧಾನ, ಮೂರನೇ ದಿನ ಮತ್ತೆ ಅದೇ. ಹೀಗೆ ಪರೀಕ್ಷಿಸಿದಷ್ಟೂ ಗೀಳು ಬಲಿಯುತ್ತದೆ.

ದೀಘನಿಕಾಯದ ಸಾಮಞ್ಞಫಲ ಸುತ್ತದಲ್ಲಿ ಭಗವಾನರು ಐದು ನೀವರಣಗಳಿಗೆ ಐದು ಹೋಲಿಕೆ ಕೊಡುತ್ತಾರೆ: ಸಾಲ, ಕಾಯಿಲೆ, ಸೆರೆಮನೆ, ಗುಲಾಮಗಿರಿ, ಮರುಭೂಮಿಯ ದಾರಿ. ಉದ್ಧಚ್ಚ-ಕುಕ್ಕುಚ್ಚ, ಅಂದರೆ ಮನಸ್ಸಿನ ತಳಮಳ ಮತ್ತು ಪಶ್ಚಾತ್ತಾಪದ ಕೊರಗು, ಇದಕ್ಕೆ ಕೊಟ್ಟ ಹೋಲಿಕೆ ಗುಲಾಮಗಿರಿ. ಗುಲಾಮ ತನ್ನಿಷ್ಟದಂತೆ ಎಲ್ಲಿಗೂ ಹೋಗಲಾರ. ಗುಲಾಮಗಿರಿ ಎಂದರೇನೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಊರಿನ ಗುಲಾಮಗಿರಿ ಕಳಚಿದವರು ಕೊರಗಿನ ಗುಲಾಮರಾಗಿ ಉಳಿಯಬೇಕೇ?

ನನಗೆ ಅನ್ನಿಸುವುದು ಇಷ್ಟು. ಐದನೇ ಪರೀಕ್ಷೆಯ ಹೊತ್ತಿಗೆ ಆ ಹುಡುಗ ಲ್ಯಾಬನ್ನು ಕೇಳುತ್ತಿದ್ದದ್ದು ರೋಗದ ಪ್ರಶ್ನೆಯನ್ನಲ್ಲ. "ನಾನು ಕೆಟ್ಟವನೇ? ನನಗೆ ಮೈಲಿಗೆ ಆಗಿದೆಯೇ?" ಎಂದು ಕೇಳುತ್ತಿದ್ದ. ಈ ಪ್ರಶ್ನೆಗೆ ರಕ್ತದಲ್ಲಿ ಉತ್ತರವಿಲ್ಲ. ಆದ್ದರಿಂದ ಎಷ್ಟು ಸಲ ಕೇಳಿದರೂ ತೃಪ್ತಿಯಿಲ್ಲ.

ಮೈಲಿಗೆ ಎಂಬುದು ನಮ್ಮ ಹಿರಿಯರ ಮೈಮೇಲೆ ಬೇರೆಯವರು ಹೊರಿಸಿದ ಸುಳ್ಳು. ಅದನ್ನು 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರ ಜೊತೆ ಲಕ್ಷಾಂತರ ಜನ ಬಿಟ್ಟು ಬಂದರು. ಆದರೆ ಕಾಯಿಲೆಯ ಮಾತು ಬಂದಾಗ ಅದೇ ಮೈಲಿಗೆ ಹಿತ್ತಲ ಬಾಗಿಲಿನಿಂದ ಒಳಗೆ ಬರುತ್ತದೆ. "ಕರ್ಮ, ಅನುಭವಿಸಬೇಕು" ಅನ್ನುತ್ತೇವೆ. ರೋಗಾಣುವಿಗೆ ನೀತಿ ಗೊತ್ತಿಲ್ಲ. ಗಂಡನಿಂದ ಹೆಂಡತಿಗೆ, ತಾಯಿಯಿಂದ ಮಗುವಿಗೆ ಎಚ್‌ಐವಿ ಬಂದಿರುವ ಮನೆಗಳಿವೆ. ಆ ಮಗು ಯಾವ ತಪ್ಪು ಮಾಡಿತ್ತು? ಪಾಸಿಟಿವ್ ಬಂದರೆ ಅದು ಶಿಕ್ಷೆಯಲ್ಲ, ನೆಗೆಟಿವ್ ಬಂದರೆ ಅದು ಸದ್ಗುಣದ ಸರ್ಟಿಫಿಕೇಟೂ ಅಲ್ಲ. ಪಾಸಿಟಿವ್ ಬಂದವರಿಗೆ ಸರ್ಕಾರದ ಎಆರ್‌ಟಿ ಕೇಂದ್ರಗಳಲ್ಲಿ ಉಚಿತ ಔಷಧಿ ಇದೆ. ಅದನ್ನು ತಪ್ಪದೆ ತೆಗೆದುಕೊಂಡು ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ, ಸಂಭೋಗದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ.

"ಸ್ವಲ್ಪ ಭಯ ಇರಲಿ ಬಿಡಿ, ಹುಡುಗರು ಶೀಲದಲ್ಲಿ ಇರುತ್ತಾರೆ" ಎಂದು ಕೆಲವರು ಹೇಳಬಹುದು. ನಾನು ಒಪ್ಪುವುದಿಲ್ಲ. ಕಾಯಿಲೆಗೆ ಹೆದರಿ ಪಾಲಿಸಿದ ಶೀಲ ಮಾತ್ರೆ ಸಿಕ್ಕ ದಿನ ಮುಗಿಯುತ್ತದೆ. ಮೂರನೇ ಶೀಲ ಯಾರೋ ಮೇಲಿಂದ ಕೊಟ್ಟ ಆಜ್ಞೆಯಲ್ಲ, ನಾವಾಗಿ ಕೈಗೊಂಡ ಶಿಕ್ಷಾಪದ. ಇನ್ನೊಬ್ಬರಿಗೆ ನೋವಾಗಬಾರದು, ಮೋಸವಾಗಬಾರದು ಎಂಬ ಕರುಣೆಯೇ ಅದರ ಬೇರು.

ಹಾಗಾದರೆ ನಡೆದುಹೋದದ್ದಕ್ಕೆ ಏನು ಮಾಡುವುದು? ಸಂಯುತ್ತನಿಕಾಯದ ಸಂಖಧಮ ಸುತ್ತದಲ್ಲಿ ಭಗವಾನರು ಅಸಿಬಂಧಕಪುತ್ರನೆಂಬ ಗ್ರಾಮಣಿಗೆ ಇದನ್ನೇ ತಿಳಿಸುತ್ತಾರೆ. ಮಾಡಿದ್ದು ಸರಿಯಲ್ಲ ಎಂದು ಒಪ್ಪಿಕೊಳ್ಳಬೇಕು. ಆದರೆ ಕೊರಗಿದ ಮಾತ್ರಕ್ಕೆ ಅದು ಮಾಡದ ಹಾಗೆ ಆಗುವುದಿಲ್ಲ ಎಂದು ತಿಳಿಯಬೇಕು. ಮುಂದೆ ಅದರಿಂದ ದೂರ ಇರಬೇಕು, ಮೈತ್ರಿಯನ್ನು ಬೆಳೆಸಬೇಕು. ಅಲ್ಲಿ ದಂಡವೂ ಇಲ್ಲ, ಪ್ರಾಯಶ್ಚಿತ್ತದ ಪೂಜೆಯೂ ಇಲ್ಲ.

ಇದನ್ನು ನಮ್ಮ ದಿನದ ಬದುಕಿಗೆ ತಂದರೆ ಹೀಗೆ:

1. ಸಂಶಯವಿದ್ದರೆ ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರಕ್ಕೆ ಹೋಗಿ. ಪರೀಕ್ಷೆ ಉಚಿತ, ಆಪ್ತಸಮಾಲೋಚಕರು ಇರುತ್ತಾರೆ. ನಿಮ್ಮ ಒಪ್ಪಿಗೆ ಮತ್ತು ಗೋಪ್ಯತೆಗೆ 2017ರ ಎಚ್‌ಐವಿ ಕಾಯ್ದೆಯ ರಕ್ಷಣೆ ಇದೆ. ಸಹಾಯವಾಣಿ 1097.

2. ವೈದ್ಯರು ಸಾಕು ಎಂದ ಮೇಲೆ ನಿಲ್ಲಿಸಿ. ಮತ್ತೆ ಪರೀಕ್ಷಿಸಬೇಕು ಅನ್ನಿಸಿದಾಗ "ಇದು ಕುಕ್ಕುಚ್ಚ" ಎಂದು ಹೆಸರಿಟ್ಟು ಗುರುತಿಸಿ, ಉಸಿರಿಗೆ ಮರಳಿ.

3. ಆದರೂ ಬಿಡದೆ ಕಾಡಿದರೆ ಅದೂ ಒಂದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ, ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಧ್ಯಾನ ಮಾಡುವವರು ವೈದ್ಯರ ಹತ್ತಿರ ಹೋಗಬಾರದು ಎಂದು ಧಮ್ಮ ಎಲ್ಲೂ ಹೇಳಿಲ್ಲ.

4. ಯಾರಾದರೂ ಇಂಥ ಮಾತು ಹೇಳಿಕೊಂಡರೆ "ಯಾಕೆ ಹೋದೆ?" ಎಂದು ಮೊದಲು ಕೇಳಬೇಡಿ. ಮೊದಲು ಪೂರ್ತಿ ಕೇಳಿಸಿಕೊಳ್ಳಿ.

ಬಾಬಾಸಾಹೇಬರು 1956ರ ಮೇ ತಿಂಗಳ ಬಿಬಿಸಿ ಭಾಷಣದಲ್ಲಿ ತಾವು ಬುದ್ಧಧಮ್ಮವನ್ನು ಮೆಚ್ಚಲು ಪ್ರಜ್ಞೆ, ಕರುಣೆ, ಸಮತೆ ಎಂಬ ಮೂರು ಕಾರಣ ಕೊಟ್ಟರು. ರಿಪೋರ್ಟನ್ನು ನಂಬುವುದು ಪ್ರಜ್ಞೆ. ತನ್ನನ್ನೂ ಸೇರಿಸಿ ಎಲ್ಲರಿಗೂ ಮೈತ್ರಿ ಬಯಸುವುದು ಕರುಣೆ. ಪಾಸಿಟಿವ್ ಬಂದವರನ್ನೂ ನೆಗೆಟಿವ್ ಬಂದವರನ್ನೂ ಒಂದೇ ಚಾಪೆಯ ಮೇಲೆ ಕೂರಿಸುವುದು ಸಮತೆ.

ಇವತ್ತು ರಾತ್ರಿ ಮಲಗುವ ಮುನ್ನ ಮೈತ್ರಿ ಭಾವನೆಯನ್ನು ನಿಮ್ಮಿಂದಲೇ ಶುರು ಮಾಡಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.