ಚರಗ: ಭೂಮಿತಾಯಿಗೆ ಮೊದಲ ತುತ್ತು



ಹೊಸ್ತಿಲ ಹುಣ್ಣಿಮೆಗೆ ಏಳುಕೊಳ್ಳದ ಎಲ್ಲಮ್ಮನ ಗುಡ್ಡಕ್ಕೆ ಬಂದು, ಪಡ್ಡಲಗಿ ತುಂಬಿಸಿ ಊರಿಗೆ ಮರಳುವ ರೈತನಿಗೆ ಹದಿನೈದು ದಿನಕ್ಕೆ ಇನ್ನೊಂದು ಪೂಜೆ ಕಾದಿರುತ್ತದೆ. ಅದೇ ಎಳ್ಳಮಾವಾಸ್ಯೆ. ಗುಡ್ಡದಲ್ಲಿ ತಾಯಿಗೆ ನೈವೇದ್ಯ, ಹೊಲದಲ್ಲಿ ಭೂಮಿತಾಯಿಗೆ ಚರಗ. ಎರಡೂ ತಾಯಿಯ ಸೇವೆಯೇ.

ನವಲಗುಂದ, ಅಣ್ಣಿಗೇರಿ, ಕುಂದಗೋಳ ಭಾಗದ ಎರಿಭೂಮಿಯಲ್ಲಿ ಈ ಹೊತ್ತಿಗೆ ಹಿಂಗಾರಿ ಜೋಳ ತೆನೆ ಹಿರಿಯುತ್ತಿರುತ್ತದೆ. ಕಡಲೆ ಹೂವು ಬಿಟ್ಟು ಕಾಯಿ ಕಟ್ಟುತ್ತಿರುತ್ತದೆ. ಬೆಳೆ ಇನ್ನೂ ಮನೆಗೆ ಬಂದಿಲ್ಲ, ಸುಗ್ಗಿ ಮುಂದಿದೆ. ಹಿರಿಯರ ಕಣ್ಣಿಗೆ ಆಗ ಭೂಮಿತಾಯಿ ತುಂಬಿದ ಬಸುರಿ. ಬಸುರಿಯ ಬಯಕೆ ತೀರಿಸದೆ ಮನೆಯವರು ಉಂಡಾರೆಯೇ?

ಅದಕ್ಕೇ ಹೆಣ್ಣುಮಕ್ಕಳು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಕಡಬು, ಬದನಿಕಾಯಿ ಎಣ್ಣಿಗಾಯಿ, ಗುರೆಳ್ಳು ಚಟ್ನಿ, ಮೊಸರನ್ನ ಮಾಡಿ ಬುಟ್ಟಿ ತುಂಬುತ್ತಾರೆ. ಚಕ್ಕಡಿಯಲ್ಲೋ ಟ್ರ್ಯಾಕ್ಟರಿನಲ್ಲೋ ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಪೂಜಿಸಿ ಎಡೆ ಹಿಡಿಯುತ್ತಾರೆ. ಆಮೇಲೆ ಒಬ್ಬ ಚರಗ ಚೆಲ್ಲುತ್ತ ಹೊಲ ಸುತ್ತುತ್ತಾನೆ, ಇನ್ನೊಬ್ಬ ಅವನ ಹಿಂದೆ ನೀರು ಚಿಮುಕಿಸುತ್ತ ನಡೆಯುತ್ತಾನೆ. ಇಷ್ಟಾದ ಮೇಲೇ ಮನುಷ್ಯರ ಊಟ.

ಚೆಲ್ಲಿದ ಅನ್ನ ಮಣ್ಣುಪಾಲಾಯಿತೆಂದು ತಿಳಿಯಬೇಡಿ. ಇರುವೆಗೆ ಅದು ಹಬ್ಬ, ಹಕ್ಕಿಗೆ ಅದು ದಾಸೋಹ. ಅನ್ನಕ್ಕೆಂದು ಇಳಿದ ಹಕ್ಕಿ ಕಡಲೆಗಿಡದ ಹಸಿರು ಕೀಡೆಯನ್ನೂ ಹೆಕ್ಕಿ ತಿನ್ನುತ್ತದೆ. ಉಂಡವರು ಋಣ ಇಟ್ಟುಕೊಳ್ಳುವುದಿಲ್ಲ.

ಆದರೆ ಮಳೆ ಕೈಕೊಟ್ಟ ವರ್ಷ ಏನು ಮಾಡಬೇಕು? 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರ ಘೋಷಿಸಿತು. ಆ ಹಂಗಾಮಿನ ಎಳ್ಳಮಾವಾಸ್ಯೆ 2024ರ ಜನವರಿ 11ರಂದು ಬಂತು. ಅಂಥ ವರ್ಷ ಮನೆಯ ಹುಡುಗರು ಕೇಳುವುದು ಸಹಜ:

"ಯಜ್ಜಾ, ಜ್ವಾಳ ಮೊಣಕಾಲುದ್ದಾನೂ ಎದ್ದಿಲ್ಲ. ಪೀಕ ಇಲ್ಲಂದಮ್ಯಾಲ ಚರಗ ಯಾಕ ಚೆಲ್ಲಬೇಕು?"

ಹಿರಿಯರು ಹೇಳುವ ಉತ್ತರ ಇಷ್ಟೇ: "ತಮ್ಮಾ, ಬಸುರಿ ಮಗಳು ಸೊರಗಿ ತವರಿಗೆ ಬಂದ್ರ, ಈಕಿ ಏನೂ ತಂದಿಲ್ಲಂತ ಹೋಳಿಗಿ ಮಾಡೂದು ಬಿಡ್ತಾರೇನು? ಈ ವರ್ಷ ಆಕಿ ಹೆಚ್ಚಿಗಿ ಹಸದಾಳ. ಹೋಳಿಗಿ ಆಗದಿದ್ರ ರೊಟ್ಟಿ ಮುರದು ಹಾಕೂಣು."

ಈ ಮಾತಿನಲ್ಲಿ ಹಬ್ಬದ ತಿರುಳಿದೆ. ಚರಗವು ಬಂದ ಬೆಳೆಗೆ ಕೊಡುವ ಕೂಲಿಯಲ್ಲ, ಬರುವ ಬೆಳೆಗೆ ಕೊಡುವ ಲಂಚವೂ ಅಲ್ಲ. ಕಣಜ ತುಂಬಿದ ಮೇಲೆ ಕೊಡುವುದು ಸುಲಭ. ಕೈಗೆ ಬರುವ ಮುಂಚೆ, ಬರುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲೇ ಕೊಡುವುದು ಭಕ್ತಿ.

ಆದ್ದರಿಂದ ಭಕ್ತರೇ, ಹೊಲಕ್ಕೆ ಹೋಗುವಾಗ ಹೊಲವಿಲ್ಲದವರನ್ನೂ ಕರೆಯಿರಿ. ಕಳೆ ತೆಗೆದ ಕೈಗಳು ನಿಮ್ಮ ಪಂಕ್ತಿಯಲ್ಲಿ ಉಣ್ಣಲಿ. ಬದುವಿನ ಜಗಳ ಇದ್ದವರಿಗೂ ಅಂದು ಒಂದು ಹೋಳಿಗಿ ಕೊಡಿ. ಉಂಡು ಏಳುವಾಗ ಪ್ಲಾಸ್ಟಿಕ್ ತಟ್ಟೆ, ಲೋಟ ಹೊಲದಲ್ಲಿ ಬಿಟ್ಟು ಬರಬೇಡಿ. ಬಸುರಿಯ ಮಡಿಲಿಗೆ ಕಸ ತುಂಬುವವರುಂಟೇ?

ಮನೆಯಲ್ಲಿ ಹೋಳಿಗಿ ಇರಲಿ, ಒಣರೊಟ್ಟಿಯೇ ಇರಲಿ, ಮೊದಲ ತುತ್ತು ತಾಯಿಗೆ. ಆಕೆ ಎಲ್ಲರ ಉಡಿ ತುಂಬಲಿ.

ಉಧೋ ಉಧೋ!