ಋತವೂ ಅಷವೂ



ಕುಮಟೆ, ಹೊನ್ನಾವರ, ಭಟ್ಕಳಗಳಿಂದ ಉದ್ಯೋಗಾರ್ಥವಾಗಿ ಮುಂಬಯಿಗೆ ತೆರಳಿದ ಮನೆತನಗಳು ನಮ್ಮಲ್ಲಿ ಹಲವು. ಅಲ್ಲಿಯ ಪಾರಸಿಗಳ ಅಗ್ನಿಮಂದಿರದ ಮುಂದೆ ಹಾದುಹೋಗುವಾಗ ‘ಇವರು ಬೆಂಕಿಯನ್ನು ಪೂಜಿಸುವವರು’ ಎಂದಷ್ಟೇ ಹೇಳಿ ಮುಂದೆ ಸಾಗುವುದು ರೂಢಿ. ವಾಸ್ತವದಲ್ಲಿ ಅವರಿಗೆ ಅಗ್ನಿಯು ಸತ್ಯದ ಪ್ರತೀಕ. ಆರಾಧ್ಯನು ಅಹುರ ಮಜ್ದ.

ಅವರ ಪ್ರವಾದಿಯಾದ ಜರತುಷ್ಟ್ರನು ಸತ್ಯವನ್ನು ‘ಅಷ’ ಎಂದು ಕರೆದನು. ಇದು ವೇದದ ‘ಋತ’ ಶಬ್ದದ ಸೋದರಿಯೆಂದು ಭಾಷಾಶಾಸ್ತ್ರಜ್ಞರ ಮತ. ಇದರ ವಿರೋಧಿಯಾದ ‘ದ್ರುಜ್’, ನಮ್ಮ ‘ದ್ರೋಹ’ದ ಬಂಧು. ಸುಳ್ಳೆಂದರೆ ಬರಿಯ ತಪ್ಪು ಮಾತಲ್ಲ, ಲೋಕದ ಕ್ರಮಕ್ಕೇ ಬಗೆದ ದ್ರೋಹ ಎಂಬುದು ಇಲ್ಲಿಯ ಭಾವ. (‘ದೇವ’ ಶಬ್ದ ಮಾತ್ರ ಅವರಲ್ಲಿ ದುಷ್ಟಶಕ್ತಿಗಳ ಹೆಸರಾಗಿರುವುದು ವಿಚಿತ್ರ!)

ಹಾಗಾದರೆ ಜ್ಞಾನೋದಯವಾದ ಮೇಲೆ ಸತ್ಯವೋ, ಸತ್ಯಾಚರಣೆಯಿಂದ ಜ್ಞಾನೋದಯವೋ? ಮೂವತ್ತನೆಯ ವಯಸ್ಸಿನಲ್ಲಿ ನೀರು ತರಲೆಂದು ನದಿಗಿಳಿದ ಜರತುಷ್ಟ್ರನಿಗೆ ‘ವೊಹು ಮನ’, ಅಂದರೆ ಸನ್ಮನಸ್ಸು, ತೇಜೋರೂಪದಿಂದ ಎದುರಾಗಿ ಅವನನ್ನು ಭಗವಂತನ ಸನ್ನಿಧಿಗೆ ಕರೆದೊಯ್ದಿತೆಂದು ಅವರ ಸಂಪ್ರದಾಯ ಹೇಳುತ್ತದೆ. ಅಘನಾಶಿನಿ, ಶರಾವತಿಗಳ ದಡದಲ್ಲಿ ನಿತ್ಯ ಮೀಯುವ ನಮಗೆ ಈ ಕಥೆ ದೂರದ್ದೆನಿಸದು. ಆದರೆ ಅವನು ಕಾಡಿಗೆ ಹೋಗಲಿಲ್ಲ. ಜನರ ನಡುವೆ ನಿಂತು ಬೋಧಿಸಿದನು. ಸಂನ್ಯಾಸವೂ ಉಪವಾಸವೂ ಆ ಮತಕ್ಕೆ ಒಪ್ಪಿಗೆಯಿಲ್ಲ. ನಮ್ಮ ಏಕಾದಶೀವ್ರತವನ್ನು ಅವರು ಒಪ್ಪಲಾರರು, ನಾವು ಬಿಡಲಾರೆವು. ಈ ಭೇದವನ್ನು ಮುಚ್ಚಿಡಬೇಕಾದುದಿಲ್ಲ. ಸದ್ವಿಚಾರ, ಸದ್ವಚನ, ಸತ್ಕಾರ್ಯಗಳೇ ಅವರ ತಪಸ್ಸು.

ಪಾರಸಿಕರಿಗೆ ಸುಳ್ಳು ಹೇಳುವುದು ಅತಿ ದೊಡ್ಡ ಅವಮಾನ, ಅದರ ನಂತರದ್ದು ಸಾಲ, ಏಕೆಂದರೆ ಸಾಲಗಾರನು ಸುಳ್ಳಾಡದೆ ಇರಲಾರನು ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸನು ಬರೆದಿದ್ದಾನೆ. ಇದನ್ನೋದಿದಾಗ ನನಗೆ ಕುಮಟೆಯ ಬಂದರು ನೆನಪಾಯಿತು. ಅಮೇರಿಕದ ಅಂತರ್ಯುದ್ಧದ ದಿನಗಳಲ್ಲಿ (1861-65) ಧಾರವಾಡ ಸೀಮೆಯ ಹತ್ತಿ ಇಲ್ಲಿಂದಲೇ ಮುಂಬಯಿಗೆ ಸಾಗುತ್ತಿತ್ತು. ಬೆಲೆ ಏರಿದಂತೆ ಹತ್ತಿಯಲ್ಲಿ ಕಲಬೆರಕೆಯೂ ಏರಿ, 1863ರಲ್ಲಿ ಮುಂಬಯಿ ಸರಕಾರವು ಅದನ್ನು ತಡೆಯಲು ಕಾಯಿದೆಯನ್ನೇ ಮಾಡಬೇಕಾಯಿತು. ಮೂಟೆಯೊಳಗಿನ ಸುಳ್ಳು ಬಾಯಿಂದ ಹೊರಡುವುದಿಲ್ಲ. ಆದುದರಿಂದಲೇ ಆಡಿದವನಿಗೆ ಅದು ಸುಳ್ಳೆಂದು ತೋರುವುದೂ ಇಲ್ಲ. ಜರತುಷ್ಟ್ರನ ಎಣಿಕೆಯಲ್ಲಿ ಅದೂ ದ್ರುಜವೇ.

ಮರಣಾನಂತರ ಜೀವವು ‘ಚಿನ್ವತ್’ ಎಂಬ ಸೇತುವೆಗೆ ಬಂದಾಗ ಒಬ್ಬ ಕನ್ಯೆ ಎದುರಾಗುವಳಂತೆ. ಸತ್ಯವಂತನಿಗೆ ಆಕೆ ಸುಂದರಿ, ಅಸತ್ಯವಂತನಿಗೆ ಕುರೂಪಿ. ನೀನಾರೆಂದು ಕೇಳಿದರೆ, ನಿನ್ನದೇ ವಿಚಾರ, ನಿನ್ನದೇ ಮಾತು, ನಿನ್ನದೇ ಕೃತ್ಯ ನಾನು ಎನ್ನುವಳಂತೆ.