ಪರದೇಶಿ ಎಂಬ ಮಾತು

ನಮ್ಮ ಸೀಮೆಯಲ್ಲಿ 'ಪರದೇಶಿ' ಎಂದರೆ ಬೇರೆ ದೇಶದವನು ಎಂದು ಯಾರೂ ಅರ್ಥಮಾಡಿಕೊಳ್ಳುವುದಿಲ್ಲ. ತಂದೆ ತಾಯಿ ಸತ್ತ ಮಗು ಪರದೇಶಿ. ಮಕ್ಕಳು ಕೈಬಿಟ್ಟ ಮುದುಕ ಪರದೇಶಿ. ಕೊಳವೆಬಾವಿ ಬತ್ತಿ, ಜಮೀನು ಮಾರಿ, ಬೆಂಗಳೂರಿನ ಯಾವುದೋ ಕಟ್ಟಡಕ್ಕೆ ಕಾವಲು ನಿಂತವನೂ ಪರದೇಶಿಯೇ. "ಪಾಪ, ಪರದೇಶಿ ಕಣೆ, ಒಂದು ಮುದ್ದೆ ಹಾಕು" ಎಂದು ಹಿಂದಿನ ಹೆಂಗಸರು ಮನೆ ಬಾಗಿಲಿಗೆ ಬಂದವರನ್ನು ಕಂಡು ಹೇಳುತ್ತಿದ್ದರು. ಸಂತೆಯಲ್ಲಿ ಕಾಲು ತುಳಿದವನನ್ನು "ಪರದೇಶಿ ನನ್ಮಗನೆ" ಎಂದು ಬೈಯುವುದಕ್ಕೂ ಇದೇ ಪದ ಒದಗುತ್ತಿತ್ತು. ನೆಲೆ ತಪ್ಪಿದ ಮನುಷ್ಯ ಎದುರಿಗೆ ಬಂದಾಗ ನಾವು ಅನ್ನವನ್ನೂ ಇಕ್ಕಬಹುದು, ಬೈಗುಳವನ್ನೂ ಇಕ್ಕಬಹುದು. ಎರಡಕ್ಕೂ ನಮ್ಮ ಭಾಷೆ ಒಂದೇ ಮಾತನ್ನು ಇಟ್ಟುಕೊಂಡಿದೆ.

ಯಹೂದಿಗಳ ಚರಿತ್ರೆಯನ್ನು ಓದುವಾಗ ಈ ಮಾತು ನನ್ನನ್ನು ಮತ್ತೆ ಹಿಡಿದು ನಿಲ್ಲಿಸಿತು. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಯಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಇಂದಿಗೂ 'ಪರದೇಶಿ ಸಿನಗಾಗ್' ಎಂದೇ ಹೆಸರು. ಸ್ಪೇನು, ಪೋರ್ಚುಗಲ್ಲುಗಳಲ್ಲಿ ಬದುಕಲು ಬಿಡದಿದ್ದಾಗ ದಿಕ್ಕು ದಿಕ್ಕಿಗೆ ಹೊರಟವರಲ್ಲಿ ಕೆಲವರು ಅಲ್ಲಿಗೆ ಬಂದು ಸೇರಿದ್ದರು. ನಮ್ಮ ನಾಡಿಗೂ ಯಹೂದಿಗಳು ಹೊಸಬರಲ್ಲ. ಟ್ಯುನೀಸಿಯದ ಕಡೆಯಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ 12ನೆಯ ಶತಮಾನದಲ್ಲಿ ಹಲವು ವರ್ಷ ಮಂಗಳೂರಿನಲ್ಲಿದ್ದ. ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿ 1132ರಲ್ಲಿ ಅವನು ಅಲ್ಲಿ ಬರೆಸಿದ ಪತ್ರ ಕೈರೋದ ಹಳೆಯ ಕಾಗದಗಳ ರಾಶಿಯಲ್ಲಿ ಸಿಕ್ಕಿದೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1904ರಲ್ಲಿ, ಯಹೂದಿಗಳಿಗೆಂದು ಬಿಟ್ಟುಕೊಟ್ಟ ರುದ್ರಭೂಮಿಯಿದೆ. ಬೇಕಾದಾಗ ವ್ಯಾಪಾರಕ್ಕೆ ಜಾಗ ಕೊಡುವುದು ಸುಲಭ. ಹೂಳುವುದಕ್ಕೆ ನೆಲ ಕೊಡುವುದೆಂದರೆ ನೀವೂ ಇಲ್ಲಿಯವರೇ ಎಂದು ಒಪ್ಪಿಕೊಂಡಂತೆ.

ದೇಶವಿಲ್ಲದೆ ಎರಡು ಸಾವಿರ ವರ್ಷ ಒಂದು ಜನಾಂಗ ತನ್ನನ್ನು ತಾನು ಮರೆಯದೆ ಉಳಿದದ್ದು ಹೇಗೆ? ಈ ಪ್ರಶ್ನೆಗೆ ಪಂಡಿತರು ಹಲವು ಉತ್ತರ ಕೊಟ್ಟಾರು. ನನಗೆ ಮುಖ್ಯವಾಗಿ ಕಂಡದ್ದು ಒಂದು. ಅವರು ತಮ್ಮ ಹೀನ ದಿನಗಳನ್ನು ಮುಚ್ಚಿಡಲಿಲ್ಲ. ಸಾಮಾನ್ಯವಾಗಿ ಕುಲದ ಕಥೆ ಹೇಳುವವರು ನಮ್ಮ ಹಿರಿಯರು ರಾಜರಾಗಿದ್ದರು, ಋಷಿಗಳಾಗಿದ್ದರು ಎಂದು ಶುರುಮಾಡುತ್ತಾರೆ. ಯಹೂದಿಗಳು ವರ್ಷಕ್ಕೊಮ್ಮೆ ಪಾಸೋವರ್ ಹಬ್ಬದ ರಾತ್ರಿ ಮಕ್ಕಳನ್ನು ಕೂರಿಸಿಕೊಂಡು, ನಾವು ಈಜಿಪ್ಟಿನಲ್ಲಿ ಗುಲಾಮರಾಗಿದ್ದೆವು ಎಂದು ಶುರುಮಾಡುತ್ತಾರೆ. ಕಹಿ ಸೊಪ್ಪನ್ನು ಬಾಯಿಗೆ ಹಾಕಿಕೊಂಡು ಆ ಕಹಿಯನ್ನು ನೆನೆಯುತ್ತಾರೆ. ಅವರ ಧರ್ಮಗ್ರಂಥ ಈ ನೆನಪಿನಿಂದ ಒಂದು ಕಟ್ಟಳೆಯನ್ನೂ ಹೊರಡಿಸಿ, ಅದನ್ನು ಮತ್ತೆ ಮತ್ತೆ ಹೇಳುತ್ತದೆ: ನೀವೂ ಪರದೇಶಿಗಳಾಗಿದ್ದವರಾದ್ದರಿಂದ ನಿಮ್ಮ ನಡುವೆ ಬಂದ ಪರದೇಶಿಯನ್ನು ಹಿಂಸಿಸಕೂಡದು. ಅದು ಅಷ್ಟು ಸಲ ಹೇಳಬೇಕಾಗಿ ಬಂದಿದೆಯೆಂದರೆ, ಮನುಷ್ಯ ಅದನ್ನು ಅಷ್ಟು ಬೇಗ ಮರೆಯುತ್ತಾನೆ ಎಂದೇ ಅರ್ಥ.

ಇಂಥ ಕಥೆಗೆ ನಾವು ಈಜಿಪ್ಟಿನವರೆಗೆ ಹೋಗಬೇಕಾಗಿಲ್ಲ. ದೇವನಹಳ್ಳಿಯಿಂದ ಚಿಕ್ಕಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ಆವತಿ ಎಂಬ ಊರಿದೆ. ಕಂಚಿಯ ಕಡೆ ಒಬ್ಬ ಬಲಶಾಲಿ ಪಾಳೆಯಗಾರ ಒಕ್ಕಲಿಗರ ಮನೆಯ ಹೆಣ್ಣನ್ನು ಬಲವಂತವಾಗಿ ಕೇಳಿದನಂತೆ. ಮಾನಕ್ಕೆ ಅಂಜಿದ ಅಣ್ಣತಮ್ಮಂದಿರು ರಾತ್ರೋರಾತ್ರಿ ಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಹೊರಟರಂತೆ. ಹಿಂದೆ ಅಟ್ಟಿ ಬರುವ ದಂಡು, ಮುಂದೆ ತುಂಬಿ ಹರಿಯುವ ಪಾಲಾರ್ ಹೊಳೆ. ಆ ಹೆಣ್ಣುಮಗಳು ತನ್ನ ಕಿವಿಯ ಓಲೆ ಬಿಚ್ಚಿ ಗಂಗಮ್ಮನಿಗೆ ಅರ್ಪಿಸಿದಳಂತೆ, ಹೊಳೆ ದಾರಿ ಬಿಟ್ಟಿತಂತೆ. ಹೀಗೆ ಗಾಡಿ ಕಟ್ಟಿಕೊಂಡು ಬಂದು ಆವತಿಯಲ್ಲಿ ಇಳಿದವರ ಸಂತತಿಯೇ ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರಗಳನ್ನು ಆಳಿತು. ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನದ ಬೇರೂ ಅಲ್ಲಿಯದೇ ಎನ್ನುತ್ತಾರೆ. ಮೋಶೆಗೆ ಕಡಲು ದಾರಿ ಬಿಟ್ಟ ಕಥೆಯನ್ನು ಕೇಳಿದವರಿಗೆ ಇದು ಅದರ ತಂಗಿಯಂತೆ ಕಂಡರೆ ಆಶ್ಚರ್ಯವಿಲ್ಲ. ಓಡಿಬಂದವರ ಎದೆಯಲ್ಲಿ ಎಲ್ಲ ಕಡೆಯೂ ಒಂದು ಹೊಳೆ ಇರುತ್ತದೆ.

ಆದರೆ ಎರಡು ಕಥೆಗಳಿಗೂ ಒಂದು ವ್ಯತ್ಯಾಸವಿದೆ. ನಾವು ಹೊಳೆ ದಾಟಿದ್ದನ್ನು ಹೇಳುತ್ತೇವೆ, ಕೋಟೆ ಕಟ್ಟಿದ್ದನ್ನು ಹೇಳುತ್ತೇವೆ. ಆದ್ದರಿಂದ ಬಾಗಿಲಿಗೆ ಬಂದವರನ್ನು ಹೀಗೆ ನೋಡಿಕೊಳ್ಳಬೇಕು ಎಂಬ ಕಟ್ಟಳೆಯನ್ನು ಅದರಿಂದ ತೆಗೆಯಲಿಲ್ಲ.

ಕಟ್ಟಳೆ ಇದ್ದರೆ ಸಾಕೆ ಎಂದು ನೀವು ಕೇಳಬಹುದು. ಸಾಲದು. ಕೊಂಕಣ ಕರಾವಳಿಯಲ್ಲಿ ಬೆನೆ ಇಸ್ರೇಲ್ ಎಂಬ ಯಹೂದಿಗಳಿದ್ದಾರೆ. ಎಂದೋ ಹಡಗು ಒಡೆದು ಆ ದಡಕ್ಕೆ ಬಂದು ಬಿದ್ದವರ ವಂಶ ತಮ್ಮದೆಂದು ಅವರ ನಂಬಿಕೆ. ಎಣ್ಣೆ ಗಾಣ ಆಡಿಸುತ್ತಿದ್ದರು, ಶನಿವಾರ ಗಾಣ ನಿಲ್ಲಿಸುತ್ತಿದ್ದರು. ಅದಕ್ಕೇ ಅಕ್ಕಪಕ್ಕದವರು ಅವರನ್ನು 'ಶನಿವಾರ ತೇಲಿ' ಎಂದರು. ನೂರಾರು ವರ್ಷ ಅಲ್ಲಿ ಯಾರೂ ಅವರ ಯಹೂದಿತನವನ್ನು ಸಂಶಯದಿಂದ ಕೆದಕಲಿಲ್ಲ. 1948ರಲ್ಲಿ ಇಸ್ರೇಲ್ ದೇಶ ಹುಟ್ಟಿದ ಮೇಲೆ ಅವರಲ್ಲಿ ಬಹುಪಾಲು ಮಂದಿ ಮನೆಗೆ ಮರಳಿದೆವು ಎಂದುಕೊಂಡು ಅಲ್ಲಿಗೆ ಹೋದರು. 1960ರ ದಶಕದ ಮೊದಲಲ್ಲಿ ಅಲ್ಲಿನ ಧರ್ಮಾಧಿಕಾರಿಗಳು, ಮದುವೆಗೆ ಮುಂಚೆ ಇವರ ವಂಶಾವಳಿ ವಿಚಾರಿಸಬೇಕು ಎಂದರು. ಇವರು ಬೀದಿಗಿಳಿದು ಹೋರಾಡಬೇಕಾಯಿತು. ಇವರೂ ಎಲ್ಲ ರೀತಿಯಲ್ಲೂ ಯಹೂದಿಗಳೇ ಎಂದು ಸರ್ಕಾರ ಒಪ್ಪಿದ್ದು 1964ರಲ್ಲಿ. ಕೊಂಕಣದಲ್ಲಿ ಪರದೇಶಿಗಳಾಗದವರು ಸ್ವಂತ ಮನೆಯಲ್ಲಿ ಪರದೇಶಿಗಳಾದರು.

ಅದಕ್ಕಿಂತ ದೊಡ್ಡ ಗಾಯ ಇನ್ನೊಂದು. ಹಿಟ್ಲರನ ಕೈಯಲ್ಲಿ 60 ಲಕ್ಷ ಜನರನ್ನು ಕಳೆದುಕೊಂಡ ಜನಾಂಗಕ್ಕೆ ನೆಲೆಯೊಂದು ಬೇಕು ಎಂಬುದನ್ನು ಕಲ್ಲೆದೆಯವರೂ ಅಲ್ಲಗಳೆಯಲಾರರು. ಆ ನೆಲೆ ಸಿಕ್ಕಿದ 1948ರಲ್ಲೇ ಸುಮಾರು 7 ಲಕ್ಷ ಪ್ಯಾಲೆಸ್ಟೀನಿಯರು ತಮ್ಮ ನೆಲೆ ಕಳೆದುಕೊಂಡರು. 2023ರ ಅಕ್ಟೋಬರ್ 7ರಂದು ಹಮಾಸ್ ನಡೆಸಿದ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಮಂದಿ ಸತ್ತರು. ಆಮೇಲಿನ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು. ಇಲ್ಲಿ ಕೂತು ತೀರ್ಪು ಕೊಡುವುದು ನನಗೆ ಹಿತವಾಗಿ ಕಾಣುವುದಿಲ್ಲ. ಆದರೆ ಜೆರುಸಲೇಮಿನ ಯೆಷಯಾಹು ಲೈಬೊವಿಟ್ಸ್ ಎಂಬ ಕಟ್ಟಾ ಧರ್ಮನಿಷ್ಠ ಪ್ರಾಧ್ಯಾಪಕರು, 1967ರ ಯುದ್ಧದಲ್ಲಿ ಗೆದ್ದು ಊರೆಲ್ಲ ಕುಣಿಯುತ್ತಿದ್ದ ದಿನಗಳಿಂದಲೇ, ಇನ್ನೊಂದು ಜನರನ್ನು ಅವರ ಇಷ್ಟಕ್ಕೆ ವಿರುದ್ಧವಾಗಿ ಆಳುವುದು ನಮ್ಮನ್ನೇ ಕೆಡಿಸುತ್ತದೆ ಎಂದು ಎಚ್ಚರಿಸುತ್ತ ಬಂದರು. ಅವರಿಗೆ ಸಿಕ್ಕಿದ ಬೈಗುಳಕ್ಕೆ ಲೆಕ್ಕವಿಲ್ಲ. ಹಳೆಯ ಕಟ್ಟಳೆಯನ್ನು ಅವರು ಗೆದ್ದ ದಿನವೂ ಮರೆತಿರಲಿಲ್ಲ, ಅಷ್ಟೆ.

ನೋವು ತಾನಾಗಿ ಯಾರನ್ನೂ ಒಳ್ಳೆಯವರನ್ನಾಗಿ ಮಾಡುವುದಿಲ್ಲ ಎಂದು ನನಗೆ ಇದರಿಂದ ತೋರುತ್ತದೆ. ಪೆಟ್ಟು ತಿಂದವನು 'ನನಗೆ ಇನ್ನೊಮ್ಮೆ ಹೀಗಾಗಬಾರದು' ಎಂದು ಗೋಡೆ ಎತ್ತುವುದು ಸಹಜ. 'ಯಾರಿಗೂ ಹೀಗಾಗಬಾರದು' ಎನ್ನುವುದಕ್ಕೆ ಮಾತ್ರ ಅಭ್ಯಾಸ ಬೇಕು. ಅದನ್ನು ವರ್ಷವರ್ಷವೂ ಮಕ್ಕಳಿಗೆ ಕಲಿಸಬೇಕು.

ಊರು ಬಿಟ್ಟವನೇ ಪರದೇಶಿ ಎಂದೂ ಅಲ್ಲ. ನಮ್ಮ ಹಳ್ಳಿಗಳಲ್ಲಿ ಹುಟ್ಟಿದ ಊರಲ್ಲೇ ಊರ ಹೊರಗೆ ಇರುವವರಿದ್ದಾರೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚ್ 11ರಂದು ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಕೆಳಗಿನ ನ್ಯಾಯಾಲಯ ಆರೋಪಿಗಳನ್ನು ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಏಳು ಜನ ಸತ್ತರು, ಕೊಂದವರು ಯಾರೂ ಇಲ್ಲ! ಅವರಿಗೆ ದಾಟಲು ಹೊಳೆಯೂ ಇರಲಿಲ್ಲ, ಹೋಗಿ ಸೇರಲು ಆವತಿಯೂ ಇರಲಿಲ್ಲ. ದೂರದ ದೇಶದ ಅನ್ಯಾಯಕ್ಕೆ ಮರುಗುವ ನಮ್ಮಂಥವರು ಈ ಹೆಸರನ್ನು ಮೊದಲು ಹೇಳಿ ಆಮೇಲೆ ಜೆರುಸಲೇಮಿನ ಮಾತು ತೆಗೆಯಬೇಕು.

ಅದೇ ತಾಲ್ಲೂಕಿನ ಕೈವಾರವೇ ಏಕಚಕ್ರಪುರವೆಂದು ನಮ್ಮ ಜನ ನಂಬುತ್ತಾರೆ. ಅರಗಿನ ಮನೆಯಿಂದ ತಪ್ಪಿಸಿಕೊಂಡ ಪಾಂಡವರು ಅಲ್ಲಿ ಒಬ್ಬ ಬಡ ಬ್ರಾಹ್ಮಣನ ಮನೆಯಲ್ಲಿ ಭಿಕ್ಷೆ ಬೇಡಿ ಬದುಕಿದ್ದರು. ಬಕಾಸುರನಿಗೆ ಗಾಡಿ ಅನ್ನದ ಜೊತೆ ಒಬ್ಬ ಮನುಷ್ಯನನ್ನು ಕಳಿಸುವ ಸರದಿ ಆ ಮನೆಗೆ ಬಂತು. ಒಳಗೆ ಅಳು ಕೇಳಿದ ಕುಂತಿ, ನನಗೆ ಐದು ಮಕ್ಕಳಿದ್ದಾರೆ, ಒಬ್ಬನನ್ನು ನಾನು ಕಳಿಸುತ್ತೇನೆ ಎಂದಳು. ಧರ್ಮರಾಯ ಆಕ್ಷೇಪಿಸಿದರೂ ಅವಳು ಬಿಡಲಿಲ್ಲ. ಇವರ ಸೂರಿನ ಕೆಳಗೆ ಮಲಗಿದ್ದೇವೆ, ಋಣ ತೀರಿಸಬೇಡವೆ ಎಂಬುದು ಅವಳ ವಾದ. ಭೀಮ ರಾಕ್ಷಸನನ್ನು ಕೊಂದದ್ದನ್ನೇ ನಾವು ದೊಡ್ಡದು ಮಾಡುತ್ತೇವೆ. ನನಗೆ ದೊಡ್ಡದಾಗಿ ಕಾಣುವುದು, ರಾಜ್ಯ ಕಳೆದುಕೊಂಡ ಹೆಂಗಸೊಬ್ಬಳು ತನ್ನ ದುಃಖದ ನೆಪ ಹೇಳದೆ ಪಕ್ಕದ ಕೋಣೆಯ ಅಳುವಿಗೆ ಕಿವಿಗೊಟ್ಟದ್ದು.

ಇಂದು ನಮ್ಮ ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ? ಗೌರಿಬಿದನೂರಿನ ಕಾರ್ಖಾನೆಗಳಲ್ಲಿ, ಇಟ್ಟಿಗೆ ಗೂಡುಗಳಲ್ಲಿ, ಕೋಳಿ ಫಾರಂಗಳಲ್ಲಿ ಬಿಹಾರ, ಒಡಿಶಾ, ಅಸ್ಸಾಂ ಕಡೆಯ ಹುಡುಗರಿದ್ದಾರೆ. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕವಿಟ್ಟುಕೊಂಡಿರುವ ಪರಿಚಯದವರೊಬ್ಬರು ನನ್ನೊಡನೆ ಒಮ್ಮೆ, "ಮೇಷ್ಟ್ರೇ, ಈ ಹುಡುಗ್ರು ಇಲ್ಲಾಂದ್ರೆ ನಮ್ ಕಸುಬೇ ನಿಂತೋಗುತ್ತೆ. ಆದ್ರೆ ಊರೊಳಗೆ ಒಂದು ಬಾಡಿಗೆ ಮನೆ ಕೇಳಿದ್ರೆ ಯಾರೂ ಕೊಡಲ್ಲ" ಎಂದರು. "ನಿಮ್ಮ ಮನೆ ಮಹಡಿ ಖಾಲಿ ಇದೆಯಲ್ಲ?" ಎಂದೆ. ಅವರು ನಕ್ಕು ಗೂಡಿನ ಮಾರುಕಟ್ಟೆಯ ರೇಟಿನ ಮಾತಿಗೆ ಹೊರಳಿದರು. ಅವರು ಕೆಟ್ಟ ಮನುಷ್ಯರಲ್ಲ, ಸಂಬಳ ನಿಲ್ಲಿಸುವವರಲ್ಲ. ಆದರೆ ಕೂಲಿ ಕೊಟ್ಟರೆ ಋಣ ತೀರಿತು ಎಂದುಕೊಂಡಿದ್ದಾರೆ. 2020ರ ಲಾಕ್‌ಡೌನಿನಲ್ಲಿ ಹೆದ್ದಾರಿಗುಂಟ ನಡೆದುಹೋದ ಕೂಲಿಕಾರರನ್ನು ಕಂಡು ನಾವೆಲ್ಲ ಮರುಗಿದೆವು, ಅನ್ನದ ಪೊಟ್ಟಣ ಹಂಚಿದೆವು. ಹೋಗುವವರಿಗೆ ಅನ್ನ ಕೊಟ್ಟ ಊರು ಇರಬಂದವರಿಗೆ ಮನೆ ಕೊಡಲು ಇನ್ನೂ ಜಾತಿ ಕೇಳುತ್ತದೆ.

ಗೌರಿಬಿದನೂರಿನ ಬಳಿ ವಿದುರಾಶ್ವತ್ಥವಿದೆ. 1938ರ ಏಪ್ರಿಲ್ 25ರಂದು ಬಾವುಟಕ್ಕಾಗಿ ಸೇರಿದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದ ಜಾಗವೆಂದು ಎಲ್ಲರಿಗೂ ಗೊತ್ತು. ಆ ಹೆಸರನ್ನು ಕೊಟ್ಟ ವಿದುರನನ್ನು ನಾವು ಅಷ್ಟು ನೆನೆಯುವುದಿಲ್ಲ. ವಿದುರನನ್ನು ಯಾರೂ ಕಾಡಿಗೆ ಅಟ್ಟಲಿಲ್ಲ. ಹಸ್ತಿನಾವತಿಯಲ್ಲಿ ಅವನಿಗೆ ಮನೆಯಿತ್ತು, ಆಸ್ಥಾನದಲ್ಲಿ ಸ್ಥಾನವಿತ್ತು. ದ್ರೌಪದಿಯನ್ನು ಸಭೆಗೆ ಎಳೆದಾಗ ಅದೇ ಸ್ಥಾನದಲ್ಲಿ ನಿಂತು ಇದು ಅಧರ್ಮ ಎಂದ. ದಾಸಿಯ ಮಗನೆಂಬ ಹೀಯಾಳಿಕೆ ಅವನಿಗೆ ಹೊಸದೇನೂ ಆಗಿರಲಿಲ್ಲ. ಕೊನೆಗೆ ಬಿಲ್ಲು ಮುರಿದು ತೀರ್ಥಯಾತ್ರೆಗೆ ಹೊರಟ. ಆ ಯಾತ್ರೆಯಲ್ಲಿ ಅವನು ಇಲ್ಲಿ ಅರಳಿಯ ಗಿಡ ನೆಟ್ಟನೆಂಬುದು ನಮ್ಮ ಜನರ ನಂಬಿಕೆ. ಕುಂತಿ ನೆಲೆಯಿಲ್ಲದೆಯೂ ಧರ್ಮ ಬಿಡಲಿಲ್ಲ. ವಿದುರ ನೆಲೆಯಿದ್ದೂ ಧರ್ಮ ಬಿಡಲಿಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಇಂದು ನೆಲೆಯಿದೆ, ಸ್ವಂತ ಮನೆಯಿದೆ, ಊರಲ್ಲಿ ನಾಲ್ಕು ಜನ ಕೇಳುವ ಮಾತಿದೆ. ಆದ್ದರಿಂದ ನಮ್ಮ ಪಾಲಿಗೆ ಬಂದಿರುವುದು ವಿದುರನ ಕೆಲಸ. ಬಾಡಿಗೆ ಕೇಳಿ ಬಂದವನ ಜಾತಿ ಕೇಳದಿರುವುದು, ಇಟ್ಟಿಗೆ ಗೂಡಿನ ಮಕ್ಕಳನ್ನು ಶಾಲೆಗೆ ಸೇರಿಸಿಬರುವುದು, ಕೇರಿಯವರಿಗೆ ಅನ್ಯಾಯವಾದ ದಿನ ಪಂಚಾಯಿತಿ ಕಟ್ಟೆಯಲ್ಲಿ ಎದ್ದು ನಿಂತು ಮಾತಾಡುವುದು. ಇವು ಸಣ್ಣ ಕೆಲಸಗಳೇ. ಆದರೆ ಒಮ್ಮೆ ಮಾಡಿ ನೋಡಿದವರಿಗೆ ಅವುಗಳ ಭಾರ ಗೊತ್ತು.